ಹಾಜರಿ ಪುಸ್ತಕದಲ್ಲಿ ಇಲ್ಲದ ಊರು

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಬೋನಸ್ಸಿನ ಮಾತು ಮೊದಲು ಬರುತ್ತದೆಂದು ಕಾದು ಕುಳಿತವರು ನಮ್ಮನ್ನು ಕ್ಷಮಿಸಬೇಕು. ಅದು ಕಾರ್ಯದರ್ಶಿಗಳ ಪಾಲಿಗೆ ಬಂದ ವಿಷಯ. ಅವರು ಆಮೇಲೆ ಹೇಳುತ್ತಾರೆ. ನಮಗೆ ಒಪ್ಪಿಸಿದ್ದು ಗಡಿಯ ಹಳ್ಳಿಯೊಂದರ ಸಂಗತಿ. ಗಡಿ ಎಂದೊಡನೆ ನಮ್ಮ ಕಡೆಯವರಿಗೆ ಬೆಳಗಾವಿ ನೆನಪಾಗುತ್ತದೆ, ಕಾಸರಗೋಡು ನೆನಪಾಗುತ್ತದೆ. ಅದಲ್ಲ. ದೇಶದ ಗಡಿ ಎಂದರೆ ಬಂದೂಕು ಹಿಡಿದ ಸಿಪಾಯಿ, ಮುಳ್ಳುತಂತಿ, ಹಿಮದ ಬೆಟ್ಟ ಕಣ್ಣೆದುರು ಬರುತ್ತವೆ. ಅದೂ ಅಲ್ಲ. ನಾವು ಹೇಳಹೊರಟ ಊರಿಗೆ ಗಡಿಯು ಪಕ್ಕದಲ್ಲಿರಲಿಲ್ಲ. ಬಾವಿಗೆ ಕಟ್ಟೆ ಇರುವ ಹಾಗೆ ಸುತ್ತಲೂ ಇತ್ತು. ಯಾವ ದಿಕ್ಕಿಗೆ ನಾಲ್ಕು ಹೆಜ್ಜೆ ಇಟ್ಟರೂ ಪರದೇಶ.

ಊರಿನ ಹೆಸರು ಮಶಾಲ್‌ಡಾಂಗಾ. ಪಶ್ಚಿಮ ಬಂಗಾಳದ ಉತ್ತರದ ತುದಿಯಲ್ಲಿ ಕೂಚ್ ಬಿಹಾರ ಎಂಬ ಜಿಲ್ಲೆ ಇದೆ. ಅದರ ದಿನ್ಹಾಟಾ ಉಪವಿಭಾಗದಲ್ಲಿ, ಬಾಂಗ್ಲಾದೇಶದ ಗಡಿಗೆ ಹತ್ತಿರದಲ್ಲಿ, ಈ ಊರಿನ ತುಂಡುಗಳಿವೆ. ತುಂಡುಗಳು ಎಂದದ್ದು ಏಕೆಂದರೆ ಅದು ಒಂದೇ ಕಡೆ ಇಲ್ಲ. ನಡು ಮಶಾಲ್‌ಡಾಂಗಾ, ದಕ್ಷಿಣ ಮಶಾಲ್‌ಡಾಂಗಾ ಎಂದು ಹರಿದು ಹಂಚಿಹೋಗಿದೆ. ಭತ್ತ, ಸೆಣಬು, ಹೊಗೆಸೊಪ್ಪು ಅಲ್ಲಿಯ ಬೆಳೆ. ನಮ್ಮ ಅಡತಿ ಅಂಗಡಿಯವರಿಗೆ ಸೆಣಬೆಂದರೆ ಹೇಳಬೇಕಾದ್ದಿಲ್ಲ. ಮೆಣಸಿನಕಾಯಿ ತುಂಬುವ ಗೋಣಿಚೀಲದ ನೂಲು ಬಂಗಾಳದ ಕೆಸರಿನಲ್ಲಿ ಸೊಂಟದ ಮಟ್ಟ ನಿಂತು ನಾರು ಸುಲಿಯುವ ಇಂಥ ರೈತರ ಕೈಯಿಂದಲೇ ಬರುವಂಥದು.

ಈ ಊರು 2015ರ ಜುಲೈ 31ರ ಮಧ್ಯರಾತ್ರಿಯ ತನಕ ಬಾಂಗ್ಲಾದೇಶದ ನೆಲ. ಸುತ್ತಲೂ ಭಾರತ. ಇಂಥ ನೆಲಕ್ಕೆ ಅಲ್ಲಿಯ ಜನ ‘ಛಿಟ್‌ಮಹಲ್’ ಎನ್ನುತ್ತಾರೆ. ಛಿಟ್ ಎಂದರೆ ಚೂರು. ಮಹಲ್ ಎಂದರೆ ಅರಮನೆ ಎಂದುಕೊಳ್ಳಬೇಡಿ, ಕಂದಾಯದ ವಿಭಾಗ. ಮುಂಬಯಿ ಇಲಾಖೆಯ ಕಾಲ ನೋಡಿದ ನಮ್ಮ ಹಿರಿಯರು ತಾಲೂಕಿಗಿಂತ ಸಣ್ಣದಕ್ಕೆ ‘ಮಹಾಲ’ ಎನ್ನುತ್ತಿದ್ದರಲ್ಲ, ಅದೇ ಮಾತು. ಇಂಥ ಚೂರುಗಳು ಒಂದೆರಡಲ್ಲ. ಭಾರತದೊಳಗೆ ಬಾಂಗ್ಲಾದೇಶದ 51, ಬಾಂಗ್ಲಾದೇಶದೊಳಗೆ ಭಾರತದ 111, ಒಟ್ಟು 162 ಚೂರುಗಳನ್ನು ಆ ರಾತ್ರಿ ಅದಲುಬದಲು ಮಾಡಿದರು. ಅವುಗಳಲ್ಲಿ ದಹಲಾ ಖಗ್ರಾಬಾರಿ ಎಂಬ ಒಂದು ತುಂಡು ಇತ್ತು, ಸುಮಾರು ಒಂದೂಮುಕ್ಕಾಲು ಎಕರೆ ಸೆಣಬಿನ ಹೊಲ. ಅದು ಭಾರತದ್ದು. ಅದರ ಸುತ್ತ ಬಾಂಗ್ಲಾದೇಶದ ಒಂದು ತುಂಡು, ಅದರ ಸುತ್ತ ಭಾರತದ ಒಂದು ತುಂಡು, ಅದರ ಸುತ್ತ ಬಾಂಗ್ಲಾದೇಶ! ಈರುಳ್ಳಿಯ ಸಿಪ್ಪೆಯಂತೆ. ನಕಾಶೆ ನೋಡಿ ನಗುವವರು ನಗಲಿ. ಆದರೆ ಆ ಹೊಲವನ್ನು ಉತ್ತವನೂ ಒಬ್ಬ ರೈತನೇ.

ಇದು ಹೇಗಾಯಿತು? ಕೂಚ್ ಬಿಹಾರದ ರಾಜನೂ ರಂಗಪುರದ ನವಾಬನೂ ಚದುರಂಗದಲ್ಲಿ ಹಳ್ಳಿಗಳನ್ನು ಪಣವಿಟ್ಟು ಆಡಿದರಂತೆ, ಸೋತವನು ಹಳ್ಳಿ ಕೊಟ್ಟನಂತೆ ಎಂದು ಅಲ್ಲಿ ಕತೆ ಹೇಳುತ್ತಾರೆ. ಕತೆ ಚೆನ್ನಾಗಿದೆ, ನಿಜವಲ್ಲ. ಮೊಗಲರಿಗೂ ಕೂಚ್ ಬಿಹಾರದ ರಾಜರಿಗೂ ಯುದ್ಧವಾಗಿ 1713ರಲ್ಲಿ ಒಪ್ಪಂದವಾಯಿತು. ರಾಜ್ಯದ ಒಂದು ಭಾಗ ಮೊಗಲರಿಗೆ ಹೋಯಿತು. ಆದರೆ ಹೋದ ನೆಲದೊಳಗೆ ಕೆಲವು ಪಾಳೆಯಗಾರರು ರಾಜನ ಕಡೆಯವರಾಗಿಯೇ ಉಳಿದರು; ಉಳಿದ ನೆಲದೊಳಗೆ ಮೊಗಲರ ಕೆಲವು ದಂಡಾಳುಗಳು ಹಿಡಿದ ಜಮೀನು ಬಿಡಲಿಲ್ಲ. ಕಂದಾಯ ಯಾರಿಗೆ ಕೊಡುತ್ತಾರೋ ಅವರ ಊರು. ಅಷ್ಟೇ ಲೆಕ್ಕ. ಆಗ ಅದರಿಂದ ರೈತನಿಗೆ ಹೆಚ್ಚಿನ ತೊಂದರೆಯೂ ಇರಲಿಲ್ಲ. ಪಕ್ಕದೂರಿನ ಸಂತೆಗೆ ಹೋಗಲು ಯಾರೂ ಚೀಟಿ ಕೇಳುತ್ತಿರಲಿಲ್ಲ.

ಇದೇನು ಬಂಗಾಳದ ವಿಚಿತ್ರ ಎಂದು ನೀವು ತಿಳಿಯಬಾರದು. ಧಾರವಾಡ ಸೀಮೆಯ ಮುದುಕರನ್ನು ಕೇಳಿ. ಹುಬ್ಬಳ್ಳಿಯ ಹತ್ತಿರದ ಕುಂದಗೋಳ ಜಮಖಂಡಿ ಸಂಸ್ಥಾನದ್ದು. ಲಕ್ಷ್ಮೇಶ್ವರ ಮಿರಜದವರದು. ಶಿರಹಟ್ಟಿ ಸಾಂಗಲಿಯವರದು. ಸವಣೂರಿನಲ್ಲಿ ನವಾಬ. ಎಲ್ಲವೂ ಇಂಗ್ಲಿಷರ ಧಾರವಾಡ ಜಿಲ್ಲೆಯ ಹೊಟ್ಟೆಯೊಳಗೆ ಅಲ್ಲಲ್ಲಿ ಅಂಟಿಕೊಂಡ ತೇಪೆಗಳು. 1948ರಲ್ಲಿ ಸಂಸ್ಥಾನಗಳು ವಿಲೀನವಾದವು; ತೇಪೆಗಳು ಮಾಯವಾದವು. ಇಂದು ಕುಂದಗೋಳದಿಂದ ಹುಬ್ಬಳ್ಳಿಗೆ ಬರುವ ಹುಡುಗನಿಗೆ ತನ್ನ ಅಜ್ಜ ಬೇರೆ ರಾಜ್ಯದ ಪ್ರಜೆಯಾಗಿದ್ದ ಎಂದರೆ ನಂಬುವುದಿಲ್ಲ. ನಮ್ಮ ತೇಪೆಗಳ ನಡುವೆ ಯಾರೂ ರಾಷ್ಟ್ರದ ಗಡಿ ಎಳೆಯಲಿಲ್ಲ. ಅದೊಂದು ಅದೃಷ್ಟ, ಅಷ್ಟೇ. ನಮ್ಮ ಜಾಣತನವೇನೂ ಇಲ್ಲ.

ಅಲ್ಲಿ ಗಡಿ ಎಳೆದರು. 1947ರಲ್ಲಿ ರಂಗಪುರ ಜಿಲ್ಲೆ ಪೂರ್ವ ಪಾಕಿಸ್ತಾನಕ್ಕೆ ಹೋಯಿತು. ಕೂಚ್ ಬಿಹಾರ ಸಂಸ್ಥಾನ 1949ರಲ್ಲಿ ಭಾರತಕ್ಕೆ ಸೇರಿ, 1950ರಲ್ಲಿ ಪಶ್ಚಿಮ ಬಂಗಾಳದ ಜಿಲ್ಲೆಯಾಯಿತು. ರಂಗಪುರಕ್ಕೆ ಸೇರಿದ ಮಶಾಲ್‌ಡಾಂಗಾ ಹೀಗೆ ಭಾರತದ ನಡುವೆ ಪಾಕಿಸ್ತಾನವಾಯಿತು. 1952ರಲ್ಲಿ ಎರಡು ದೇಶಗಳ ನಡುವೆ ಪಾಸ್‌ಪೋರ್ಟು ವೀಸಾ ಬಂದವು. ಈಗ ತಮಾಷೆ ನೋಡಿ. ಊರಿನವನು ತನ್ನ ದೇಶದ ಕಚೇರಿಗೆ ಹೋಗಿ ಪಾಸ್‌ಪೋರ್ಟು ಪಡೆಯಬೇಕಾದರೆ ಪರದೇಶವನ್ನು ದಾಟಬೇಕು. ಪರದೇಶ ದಾಟುವುದಕ್ಕೆ ಪಾಸ್‌ಪೋರ್ಟು ಬೇಕು. ಇದನ್ನು ಬರೆದ ಅಧಿಕಾರಿಗಳು ಮೂರ್ಖರಾಗಿರಲಿಲ್ಲ. ದೊಡ್ಡ ಪರೀಕ್ಷೆ ಪಾಸಾದವರು. ಆದರೆ ಮಶಾಲ್‌ಡಾಂಗಾ ಅವರ ಮೇಜಿನ ಮೇಲೆ ಇರಲೇ ಇಲ್ಲ.

1971ರಲ್ಲಿ ಪೂರ್ವ ಪಾಕಿಸ್ತಾನ ಬಾಂಗ್ಲಾದೇಶವಾಯಿತು. ಅಂದರೆ, ಆ ಊರಿನಲ್ಲಿ ಹುಟ್ಟಿ ಅಲ್ಲಿಯೇ ಮುಪ್ಪಾದ ಒಬ್ಬ ಅಜ್ಜನ ತಲೆಯ ಮೇಲೆ ಬ್ರಿಟಿಷರ ಬಾವುಟ, ಪಾಕಿಸ್ತಾನದ ಬಾವುಟ, ಬಾಂಗ್ಲಾದೇಶದ ಬಾವುಟ, ಕೊನೆಗೆ ನಮ್ಮ ತ್ರಿವರ್ಣ, ಹೀಗೆ ನಾಲ್ಕು ಬಾವುಟಗಳು ಬದಲಾದವು. ಅಜ್ಜ ಹಟ್ಟಿ ಬಿಟ್ಟು ಕದಲಲಿಲ್ಲ. ಯಾವ ಬಾವುಟವೂ ಅವನಿಗೆ ಒಂದು ಶಾಲೆ ಕೊಡಲಿಲ್ಲ, ನಾಲ್ಕನೆಯದು ಬರುವ ತನಕ.

ಇನ್ನು ಆ ಜನ ಹೇಗೆ ಬದುಕಿದರು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಂದು ಬಂದದ್ದು ಮುಖ್ಯವಾಗಿ ಅದಕ್ಕಾಗಿಯೇ.

ಊರಿನ ಅಂಚಿನಲ್ಲಿ ಭಾರತದ ವಿದ್ಯುತ್ ಕಂಬಗಳು ನಿಂತಿದ್ದವು. ತಂತಿ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಮನೆಯೊಳಗೆ ಮಾತ್ರ ಚಿಮಣಿ ಬುಡ್ಡಿ. ರಸ್ತೆ ಊರಿನ ಎಲ್ಲೆಯ ತನಕ ಬಂದು ನಿಲ್ಲುತ್ತಿತ್ತು. ಶಾಲೆ ಇಲ್ಲ, ದವಾಖಾನೆ ಇಲ್ಲ, ರೇಶನ್ ಕಾರ್ಡಿಲ್ಲ, ಮತವಿಲ್ಲ. ಕಳ್ಳ ಬಂದು ಎತ್ತು ಹೊಡೆದುಕೊಂಡು ಹೋದರೆ ದೂರು ಕೊಡಲು ಠಾಣೆ ಇಲ್ಲ; ಭಾರತದ ಪೊಲೀಸರಿಗೆ ಅದು ಪರದೇಶ, ಬಾಂಗ್ಲಾದೇಶದ ಪೊಲೀಸರಿಗೆ ಅಲ್ಲಿಗೆ ಬರಲು ದಾರಿಯಿಲ್ಲ. ಕಳ್ಳರಿಗೆ ಇದು ಗೊತ್ತಿತ್ತೆಂದು ಬೇರೆ ಹೇಳಬೇಕೆ? ಜಮೀನು ಮಾರಿದರೆ ರಿಜಿಸ್ಟರ್ ಮಾಡುವ ಕಚೇರಿ ಗಡಿಯಾಚೆ. ಮುಳ್ಳುತಂತಿ ಬೇಲಿ ಬರುವ ಮುಂಚೆ ಕದ್ದು ಹೋಗಿಬರುತ್ತಿದ್ದರು. ಬೇಲಿ ಬಂದ ಮೇಲೆ ಅದೂ ನಿಂತಿತು. ಬಿಳಿ ಕಾಗದದ ಮೇಲೆ ಬರೆದು, ಊರಿನ ಹಿರಿಯರ ಸಹಿ ಹಾಕಿಸಿ, ಅದೇ ಖರೀದಿ ಪತ್ರವೆಂದು ಪೆಟ್ಟಿಗೆಯಲ್ಲಿಟ್ಟರು. ತಂಟೆ ತಕರಾರು ಬಂದರೆ ತಮ್ಮಲ್ಲೇ ಕಮಿಟಿ ಮಾಡಿಕೊಂಡು ಬಗೆಹರಿಸಿಕೊಂಡರು. ಸರಕಾರವೇ ಇಲ್ಲದ ಊರು ಪುಂಡರ ಊರಾಗುತ್ತದೆ ಎಂದು ಹೇಳುವ ಪಂಡಿತರು ಇದನ್ನೂ ಸ್ವಲ್ಪ ಗಮನಿಸಲಿ.

ಆದರೆ ಕೆಲವು ಕೆಲಸ ಕಮಿಟಿಯಿಂದ ಆಗುವುದಿಲ್ಲ. ಹೆಣ್ಣುಮಗಳಿಗೆ ಹೆರಿಗೆ ಬೇನೆ ಬಂತು, ದಿನ್ಹಾಟಾದ ಆಸ್ಪತ್ರೆಗೆ ಒಯ್ಯಬೇಕು. ‘ಗಂಡನ ಹೆಸರು?’ ಎಂದು ಕೇಳುತ್ತಾರೆ. ನಿಜವಾದ ಹೆಸರು ಹೇಳಿದರೆ ಪರದೇಶದವಳು ಕದ್ದು ಬಂದಳೆಂದು ಹಿಡಿಯುವ ಭಯ. ಆದ್ದರಿಂದ ಪಕ್ಕದ ಭಾರತೀಯ ಹಳ್ಳಿಯ ಯಾರೋ ಒಬ್ಬನ ಹೆಸರನ್ನು ಗಂಡನೆಂದು ಬರೆಸಬೇಕು. ಮಗು ಹುಟ್ಟಿತು, ಅದರ ಜನನ ಪತ್ರದಲ್ಲಿ ಅಪ್ಪ ಬೇರೆ. ಶಾಲೆಗೆ ಸೇರಿಸುವಾಗಲೂ ಬೇರೆ ಅಪ್ಪ, ಬೇರೆ ಅವ್ವ. ಕೆಲವರು ಸ್ನೇಹಕ್ಕೆ ಹೆಸರು ಕೊಟ್ಟರು, ಕೆಲವರು ದುಡ್ಡಿಗೆ ಕೊಟ್ಟರು. ಕೊಟ್ಟವನೂ ಬಡವನೇ, ಅವನನ್ನು ನಾವು ಬಯ್ಯಲಾರೆವು. ಆದರೆ ಹೆತ್ತ ತಂದೆ ಶಾಲೆಯ ಬಾಗಿಲಲ್ಲಿ ನಿಂತು ತನ್ನ ಮಗನನ್ನು ಪಕ್ಕದೂರಿನವನ ಮಗನೆಂದು ಹೇಳಬೇಕಾದ ಸ್ಥಿತಿಯನ್ನು ಕಲ್ಪಿಸಿಕೊಳ್ಳಿ. ಬೆಳೆದ ಮಗನಿಗೆ ಕಾಗದದ ಮೇಲೆ ಒಬ್ಬ ಅಪ್ಪ, ಮನೆಯಲ್ಲಿ ಒಬ್ಬ ಅಪ್ಪ. ನಾಳೆ ಅಪ್ಪನ ಹೊಲಕ್ಕೆ ವಾರಸುದಾರ ಯಾರು?

ಕೂಲಿಗೆಂದು ದಿಲ್ಲಿಯ ಕಡೆಗೆ ಹೋದವರ ಪಾಡು ಇನ್ನೂ ಕಷ್ಟ. ಸಿಕ್ಕಿಬಿದ್ದರೆ ವಿದೇಶೀಯರ ಕಾಯಿದೆ. ಸೆರೆಮನೆ. ಬಿಡುಗಡೆಯಾದ ಮೇಲೆ ಕಳಿಸುವುದಾದರೂ ಎಲ್ಲಿಗೆ? ಅವರ ಊರು ಭಾರತದೊಳಗೇ ಇದೆ! ಇಂಥವನು ಕೂಲಿ ಮಾಡುವಾಗ ಮಾಲೀಕನ ಎದುರು ಬಾಯಿ ತೆರೆಯುತ್ತಾನೆಯೆ? ಸೆಣಬು ಮಾರುವಾಗ ದಲ್ಲಾಳಿ ಹೇಳಿದ ದರ ಬೇಡವೆನ್ನುತ್ತಾನೆಯೆ? ‘ಪೊಲೀಸರಿಗೆ ಹೇಳುತ್ತೇನೆ’ ಎಂಬ ಒಂದು ಮಾತು ಸಾಕು, ಅವನ ಕೈ ಕಾಲು ಕಟ್ಟಿದ ಹಾಗೆ.

ನಮ್ಮ ಬದಲಿ ಕಾರ್ಮಿಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗೇಟಿನ ಮುಂದೆ ಬೆಳಗಿನ ಪಾಳಿಗೆ ಬಂದು ನಿಲ್ಲುವುದು, ಕರೆದರೆ ಒಳಗೆ ಹೋಗುವುದು, ಎಲ್ಲರ ಹಾಗೆ ಅದೇ ಹತ್ತಿಯ ಧೂಳು ಕುಡಿಯುವುದು, ಅದೇ ಮಗ್ಗದ ಮುಂದೆ ನಿಲ್ಲುವುದು. ಹಾಜರಿ ಪುಸ್ತಕದಲ್ಲಿ ಮಾತ್ರ ಹೆಸರಿಲ್ಲ. ಬೆರಳು ಹೋದರೆ ಆ ದಿನ ಅವನು ಗಿರಣಿಯಲ್ಲಿ ಇರಲೇ ಇಲ್ಲ ಎನ್ನುತ್ತಾರೆ. ಮಶಾಲ್‌ಡಾಂಗಾದವರು ಒಂದು ಇಡೀ ಊರಾಗಿ, ಮೂರು ತಲೆಮಾರು, ಎರಡು ದೇಶಗಳ ಗೇಟಿನಲ್ಲಿ ಬದಲಿಯಾಗಿ ನಿಂತವರು.

ಹೀಗಿದ್ದರೂ ಇದನ್ನು ಸರಿಪಡಿಸುವುದು ಹೇಗೆಂದು ದೊಡ್ಡವರಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಸಿಟ್ಟು ಬರುವುದು ಇಲ್ಲಿಯೇ. 1958ರಲ್ಲಿಯೇ ನೆಹರೂ ಅವರೂ ಪಾಕಿಸ್ತಾನದ ಪ್ರಧಾನಿ ಫಿರೋಜ್ ಖಾನ್ ನೂನರೂ ಈ ಚೂರುಗಳನ್ನು ಅದಲುಬದಲು ಮಾಡೋಣವೆಂದು ಒಪ್ಪಿದರು. ಅದರ ಜೊತೆಗೆ ಬೇರೂಬಾರಿ ಎಂಬ ಪ್ರದೇಶದ ಅರ್ಧವನ್ನು ಕೊಡುವ ಮಾತೂ ಇತ್ತು. ಗದ್ದಲವಾಯಿತು. ದೇಶದ ನೆಲ ಕೊಡಬೇಕಾದರೆ ಸಂವಿಧಾನದ ತಿದ್ದುಪಡಿ ಬೇಕೆಂದು 1960ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ತಿದ್ದುಪಡಿಯೂ ಆಯಿತು; ಆದರೆ ವ್ಯಾಜ್ಯ, ಯುದ್ಧ ಎಂದು ಕೆಲಸ ನಿಂತೇಹೋಯಿತು. 1974ರ ಮೇ 16ರಂದು ಇಂದಿರಾ ಗಾಂಧಿಯವರೂ ಶೇಖ್ ಮುಜೀಬುರ್ ರಹಮಾನರೂ ಮತ್ತೆ ಸಹಿ ಹಾಕಿದರು. ಬಾಂಗ್ಲಾದೇಶ ಅದೇ ವರ್ಷ ಅದಕ್ಕೆ ಮಂಜೂರಾತಿ ಕೊಟ್ಟಿತು. ನಾವು ಕೊಟ್ಟದ್ದು ಯಾವಾಗ? 2015ರಲ್ಲಿ. 41 ವರ್ಷ! ಸಹಿ ಹಾಕಿದ ದಿನ ಹುಟ್ಟಿದ ಕೂಸು ಅಜ್ಜನಾಗುವ ಹೊತ್ತು.

ಈ 41 ವರ್ಷಗಳಲ್ಲಿ ದಿಲ್ಲಿಯಲ್ಲಿ ಕಾಂಗ್ರೆಸ್ಸಿನವರು ಇದ್ದರು, ಜನತಾ ಪಕ್ಷದವರು ಇದ್ದರು, ಭಾಜಪದವರು ಇದ್ದರು. ಕಲಕತ್ತೆಯಲ್ಲಿ 1977ರಿಂದ 2011ರ ತನಕ, 34 ವರ್ಷ, ಕೆಂಪು ಬಾವುಟದ ಸರಕಾರವೇ ಇತ್ತು. ನಾವು ಎಡಗಡೆಯವರು ಎಂದು ಇದನ್ನು ಮುಚ್ಚಿಡಲಾರೆವು. ಶಾಸಕರಾಗಿದ್ದ ಫಾರ್ವರ್ಡ್ ಬ್ಲಾಕಿನ ದೀಪಕ್ ಸೇನ್‌ಗುಪ್ತ ಅವರು ಈ ಜನರ ಪರವಾಗಿ ಸಮಿತಿ ಕಟ್ಟಿ ನಿಂತರೆಂಬುದು ನಿಜ. ಅವರ ತರುವಾಯ ಮಗ ಅದನ್ನು ಮುಂದುವರಿಸಿದರೆಂಬುದೂ ನಿಜ. ಆದರೆ ಆ ಸಮಿತಿಗೆ ಸರಕಾರಗಳ ಕಿವಿ ಬೇಗ ಸಿಗಲಿಲ್ಲ. 1992ರಲ್ಲಿ ತೀನ್ ಬಿಘಾ ಎಂಬಲ್ಲಿ ಒಂದು ಸಣ್ಣ ದಾರಿಯನ್ನು, ಸುಮಾರು 178 ಮೀಟರು ಉದ್ದದ್ದು, ಬಾಂಗ್ಲಾದೇಶದ ದಹಗ್ರಾಮದವರಿಗೆ ಓಡಾಡಲು ಬಿಟ್ಟರು. ಅದೂ ಹಗಲಿನಲ್ಲಿ ಒಂದು ತಾಸು ತೆರೆದು ಒಂದು ತಾಸು ಮುಚ್ಚಿ! ದಿನವಿಡೀ ತೆರೆದದ್ದು 2011ರಲ್ಲಿ.

ವಿರೋಧ ಮಾಡಿದವರ ವಾದವೇನು? ಭಾರತ ಕೊಡುವುದು ಸುಮಾರು 17,160 ಎಕರೆ, ಪಡೆಯುವುದು ಸುಮಾರು 7,110 ಎಕರೆ. ದೇಶಕ್ಕೆ ಹತ್ತು ಸಾವಿರ ಎಕರೆ ನಷ್ಟ, ಇದು ತಾಯಿನಾಡಿಗೆ ದ್ರೋಹ, ಎಂದು. ವ್ಯಾಪಾರಸ್ಥರು ಇಲ್ಲಿ ಕುಳಿತಿದ್ದೀರಿ, ನೀವೇ ಹೇಳಿ. ನಮ್ಮ ಹೆಸರಿನಲ್ಲಿ ಒಂದು ಅಂಗಡಿ ಇದೆ ಎನ್ನೋಣ. ನಾವು ಅಲ್ಲಿಗೆ ಹೋಗಲಾರೆವು, ಬಾಗಿಲು ತೆರೆಯಲಾರೆವು, ಬಾಡಿಗೆ ವಸೂಲು ಮಾಡಲಾರೆವು, ಮಾಡು ಸೋರಿದರೆ ಹಂಚು ಹೊದಿಸಲಾರೆವು, ಒಳಗಿದ್ದವನು ಸತ್ತನೋ ಬದುಕಿದನೋ ವಿಚಾರಿಸಲಾರೆವು. ಅಂಥ ಅಂಗಡಿ ಕೈಬಿಟ್ಟರೆ ಅದು ಯಾವ ಖಾತೆಯ ನಷ್ಟ? ಎಕರೆ ಎಣಿಸಿದವರು ತಲೆ ಎಣಿಸಲಿಲ್ಲ. ಎರಡೂ ಸರಕಾರಗಳು ಕೂಡಿ ತಲೆ ಎಣಿಸಿದ್ದು 2011ರ ಜುಲೈಯಲ್ಲಿ. ಆ ಲೆಕ್ಕದ ಪ್ರಕಾರ ಬಾಂಗ್ಲಾದೇಶದೊಳಗಿನ ಭಾರತದ ಚೂರುಗಳಲ್ಲಿ 37,334 ಜನ, ಭಾರತದೊಳಗಿನ ಬಾಂಗ್ಲಾದೇಶದ ಚೂರುಗಳಲ್ಲಿ 14,215 ಜನ, ಒಟ್ಟು 51,549. ಇವರಲ್ಲಿ ಒಬ್ಬನಿಗೂ ನ್ಯಾಯವಾಗಿ ಮತವಿರಲಿಲ್ಲ. ಇವರಿಗೆ ಮತವಿದ್ದು, ಒಂದು ವಿಧಾನಸಭಾ ಕ್ಷೇತ್ರವನ್ನು ಸೋಲಿಸುವ ಶಕ್ತಿ ಇದ್ದಿದ್ದರೆ 41 ವರ್ಷ ಹಿಡಿಯುತ್ತಿತ್ತೆ ಎಂಬುದನ್ನು ನೀವೇ ಯೋಚಿಸಿ.

2013ರಲ್ಲಿ ತಿದ್ದುಪಡಿಯ ಮಸೂದೆ ಬಂದಾಗ ಭಾಜಪ ಅದಕ್ಕೆ ಅಡ್ಡ ಬಂದಿತ್ತು. 2015ರಲ್ಲಿ ಅದೇ ಪಕ್ಷದ ಸರಕಾರ ಮಸೂದೆಗೆ ಅಂಗೀಕಾರ ಪಡೆಯಿತು. ಮೇ 6ರಂದು ರಾಜ್ಯಸಭೆ, 7ರಂದು ಲೋಕಸಭೆ. ವಿರೋಧವಾಗಿ ಒಂದು ಮತವೂ ಬೀಳಲಿಲ್ಲ. ಸಂವಿಧಾನದ ನೂರನೆಯ ತಿದ್ದುಪಡಿ. ಎರಡೇ ದಿನದ ಕೆಲಸ! ಮಾಡಿದ್ದಕ್ಕೆ ನಾವು ಮೆಚ್ಚುಗೆ ಹೇಳುತ್ತೇವೆ. ಆದರೆ ಎರಡು ದಿನದಲ್ಲಿ ಆಗುವ ಕೆಲಸ 41 ವರ್ಷ ಏಕೆ ಬಿದ್ದಿತ್ತು ಎಂದು ಕೇಳುವ ಹಕ್ಕನ್ನು ಬಿಟ್ಟುಕೊಡುವುದಿಲ್ಲ.

ಜುಲೈ 31ರ ರಾತ್ರಿ ಹನ್ನೆರಡು ಹೊಡೆಯಿತು. ಮಶಾಲ್‌ಡಾಂಗಾದಲ್ಲಿ ತ್ರಿವರ್ಣ ಏರಿತು. ಆಚೆಯ ಕಡೆ, ಬಾಂಗ್ಲಾದೇಶದೊಳಗಿದ್ದ ದಾಸಿಯಾರ್ ಛರಾ ಎಂಬ ಭಾರತದ ಚೂರಿನಲ್ಲಿ ಅವರು ಬಾಂಗ್ಲಾದೇಶದ ಬಾವುಟ ಏರಿಸಿ 68 ಮೇಣದ ಬತ್ತಿ ಹಚ್ಚಿದರು, ಕಳೆದ ವರ್ಷಕ್ಕೆ ಒಂದರಂತೆ. ಯಾರು ಯಾವ ದೇಶ ಬೇಕೆಂದು ಆರಿಸಿಕೊಳ್ಳಬಹುದಾಗಿತ್ತು. ಈಚೆಯವರು ಎಲ್ಲರೂ ಭಾರತವನ್ನೇ ಆರಿಸಿದರು. ಆಚೆಯ 37 ಸಾವಿರ ಜನರಲ್ಲಿ ಭಾರತಕ್ಕೆ ಬರುತ್ತೇವೆಂದವರು ಸಾವಿರಕ್ಕೂ ಕಡಮೆ. ಉಳಿದವರು ಇದ್ದ ಹೊಲ, ಇದ್ದ ನೆರೆ, ಅಪ್ಪನ ಗೋರಿ ಅಥವಾ ಸುಟ್ಟ ಜಾಗ ಬಿಟ್ಟು ಬರಲೊಲ್ಲೆ ಎಂದರು. ಹಿಂದೂಗಳು ಹೀಗೆ, ಮುಸಲ್ಮಾನರು ಹಾಗೆ ಎಂದು ಮೊದಲೇ ಲೆಕ್ಕ ಹಾಕಿಟ್ಟವರ ಲೆಕ್ಕವೆಲ್ಲ ತಲೆಕೆಳಗಾಯಿತು. ಉಳುವವನು ಹೊಲದ ಕಡೆ ನೋಡಿದ.

ಬಂದವರ ಕತೆ ಸುಖದ್ದಲ್ಲ. ಆ ವರ್ಷದ ನವೆಂಬರಿನಲ್ಲಿ ಗಂಟುಮೂಟೆ ಹೊತ್ತು ಗಡಿ ದಾಟಿದವರನ್ನು ದಿನ್ಹಾಟಾ, ಮೇಖ್ಲಿಗಂಜ್, ಹಲ್ದಿಬಾರಿಗಳಲ್ಲಿ ತಗಡಿನ ಮನೆಗಳ ಶಿಬಿರಗಳಲ್ಲಿ ಇಟ್ಟರು. ತಾತ್ಕಾಲಿಕ ಎಂದರು. ಸರಕಾರದ ಬಾಯಲ್ಲಿ ‘ತಾತ್ಕಾಲಿಕ’ ಎಂಬ ಮಾತಿನ ಉದ್ದ ಎಷ್ಟೆಂದು ಬದಲಿಯಾಗಿ ಹದಿನೈದು ವರ್ಷ ದುಡಿದವರಿಗೆ ಗೊತ್ತು. ಬೇಸಿಗೆಯಲ್ಲಿ ಕಾದ ತಗಡಿನ ಕೆಳಗೆ ವರ್ಷಗಳೇ ಕಳೆದವು. ಆಚೆ ಹೊಲವಿದ್ದ ರೈತರು ಈಚೆ ಕೂಲಿಯವರಾದರು.

ಮಶಾಲ್‌ಡಾಂಗಾದಲ್ಲಿ ಕಂಬದಿಂದ ಮನೆಗೆ ತಂತಿ ಬಂತು. 2016ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಈ ಊರುಗಳವರು ಮೊಟ್ಟಮೊದಲ ಬಾರಿಗೆ ಮತ ಹಾಕಿದರು. ನೂರು ದಾಟಿದ ಒಬ್ಬ ಮುದುಕನ ಬೆರಳಿಗೂ ಅಂದೇ ಮೊದಲ ಶಾಯಿ. ಇದು ಸಣ್ಣ ಸಂಗತಿಯಲ್ಲ. ಆದರೆ ಹೊಲದ ಉತಾರ? ಪೆಟ್ಟಿಗೆಯ ಬಿಳಿ ಕಾಗದಗಳಿಗೆ ಕಾಯಿದೆಯ ಬೆಲೆ ಏನು? ಅದಕ್ಕಾಗಿ ಪಶ್ಚಿಮ ಬಂಗಾಳದ ವಿಧಾನಸಭೆ ತನ್ನ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ತಂದದ್ದು 2018ರ ನವೆಂಬರಿನಲ್ಲಿ, ಮೂರು ವರ್ಷದ ಮೇಲೆ. ದೇಶ ಬಂದ ಮೇಲೂ ಹೊಲದ ಕಾಗದಕ್ಕೆ ಅಷ್ಟು ಕಾಯಬೇಕಾಯಿತು. ಇನ್ನು ಬಾಡಿಗೆ ಅಪ್ಪನ ಹೆಸರು ಹೊತ್ತ ಹುಡುಗರು ಶಾಲೆಯ ದಾಖಲೆ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು: ‘ಸ್ವಾಮಿ, ಈತ ನಮ್ಮ ಅಪ್ಪನಲ್ಲ, ಅವನು ನಮ್ಮ ಅಪ್ಪ’ ಎಂದು ರುಜುವಾತು ಮಾಡುವುದಕ್ಕೆ.

ಹೊತ್ತಾಯಿತು, ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿದ್ದಾರೆ. ಬಾಗಿಲ ಬಳಿ ಮೇಜಿನ ಮೇಲೆ ಎರಡು ಪುಸ್ತಕ ಇಟ್ಟಿದ್ದೇವೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದೆ ದುಡಿಯುತ್ತಿರುವ ಬದಲಿಯವರು ಮೊದಲನೆಯದರಲ್ಲಿ ಹೆಸರು, ಇಲಾಖೆ, ಎಂದಿನಿಂದ ದುಡಿಯುತ್ತಿದ್ದೀರಿ ಎಂಬುದನ್ನು ಬರೆಸಿ. ಕೈಗಾಡಿಯ ಮೇಲೆ, ನೆಲದ ಮೇಲೆ ಮಾರುವವರು ಎರಡನೆಯದರಲ್ಲಿ ಬರೆಸಿ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೆ ನಿಮ್ಮನ್ನು ಎಣಿಸಿ ಚೀಟಿ ಕೊಡುವುದು ಊರ ಆಡಳಿತದ ಕರ್ತವ್ಯ. ಓದು ಬರಹ ಬಾರದವರಿಗೆ ನಮ್ಮ ಹುಡುಗರು ಬರೆದುಕೊಡುತ್ತಾರೆ. ಅಪ್ಪನ ಹೆಸರನ್ನು ಸರಿಯಾಗಿ ಹೇಳಿ ಬರೆಸಿ. ಸೋಮವಾರ ಎರಡೂ ಪುಸ್ತಕ ತೆಗೆದುಕೊಂಡು ಕಚೇರಿಗೆ ಹೋಗುತ್ತೇವೆ. ಬೆಳಗಿನ ಪಾಳಿ ಬಿಟ್ಟವರು ಜೊತೆಗೆ ಬನ್ನಿ.